ಹೋದ ಹಣವೂ ಮೊದಲ ಗಂಟೆಯೂ

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿ ತಂದೆ ಕಳುಹಿಸಿದ ಕಾಲೇಜು ಶುಲ್ಕವನ್ನು ತುಮಕೂರಿನ ಹಾಸ್ಟೆಲಿನಲ್ಲಿರುವ ಮಗ ಆನ್‌ಲೈನ್ ವಂಚಕರಿಗೆ ಕಳೆದುಕೊಂಡನೆಂದು ಭಾವಿಸೋಣ. ಮೊಬೈಲಿನಲ್ಲಿ ಸಿಕ್ಕ ‘ಮನೆಯಿಂದಲೇ ಕೆಲಸ’ಕ್ಕೆ ಮೊದಲು ನೂರಿನ್ನೂರು ರೂಪಾಯಿ ಬಂದಿತ್ತು, ಅದನ್ನು ನಂಬಿ ಅವನು ಠೇವಣಿ ಕಟ್ಟಿದ. ಅಪ್ಪನಿಗೆ ಹೇಳುವ ಧೈರ್ಯ ಸಾಲದೆ ಎರಡು ದಿನ ಒಳಗೊಳಗೇ ಬೇಯುತ್ತಾನೆ. ಹಣ ಕೈಗೆ ಸಿಗದಷ್ಟು ದೂರ ಹೋಗುವುದು ಆ ಎರಡು ದಿನಗಳಲ್ಲಿಯೇ.

ಯುಪಿಐ ಮೂಲಕ ಹೋದ ಹಣ ನೋಟಿನಂತೆ ಕಣ್ಮರೆಯಾಗುವುದಿಲ್ಲ. ಒಂದು ಬ್ಯಾಂಕಿನ ಲೆಕ್ಕದಲ್ಲಿ ಕಳೆದು ಇನ್ನೊಂದರ ಲೆಕ್ಕಕ್ಕೆ ಸೇರುತ್ತದೆ, ಆ ವರ್ಗಾವಣೆಗೆ 12 ಅಂಕಿಯ ಉಲ್ಲೇಖ ಸಂಖ್ಯೆಯೊಂದು ಉಳಿಯುತ್ತದೆ. ಹಣ ಸೇರುವ ಮೊದಲ ಖಾತೆ ಸಾಮಾನ್ಯವಾಗಿ ವಂಚಕನದ್ದಲ್ಲ, ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟದ್ದು. ಅಲ್ಲಿಂದ ಅದು ಹಲವು ಖಾತೆಗಳಿಗೆ ಹಂಚಿಹೋಗಿ, ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ ಅಥವಾ ಕ್ರಿಪ್ಟೋ ಎಂಬ ಡಿಜಿಟಲ್ ಹಣದ ರೂಪ ತಾಳುತ್ತದೆ. ಹೀಗೆ ಖಾತೆ ಕೊಟ್ಟ ವಿದ್ಯಾರ್ಥಿಯ ಮೇಲೂ ಪೊಲೀಸ್ ತನಿಖೆ ನಡೆಯಬಹುದೆಂಬುದನ್ನು ಅಧ್ಯಾಪಕರು ತರಗತಿಯಲ್ಲಿ ಬಿಡಿಸಿ ಹೇಳಲೇಬೇಕು.

2021ರಲ್ಲಿ 155260 ಎಂಬ ಸಂಖ್ಯೆಯೊಂದಿಗೆ ಆರಂಭವಾಗಿ ಈಗ 1930 ಆಗಿರುವ ಸೈಬರ್ ವಂಚನೆಯ ಸಹಾಯವಾಣಿ ಈ ಓಟವನ್ನೇ ಬೆನ್ನಟ್ಟುತ್ತದೆ. ಕರೆ ಸ್ವೀಕರಿಸಿದವರು ವಿವರವನ್ನು ದಾಖಲಿಸಿದೊಡನೆ ಅದು ಸಂಬಂಧಪಟ್ಟ ಬ್ಯಾಂಕಿಗೆ ತಲುಪುತ್ತದೆ; ಹಣ ಇನ್ನೂ ಅಲ್ಲಿದ್ದರೆ ಬ್ಯಾಂಕ್ ಅದನ್ನು ತಡೆಹಿಡಿಯುತ್ತದೆ, ಮುಂದೆ ಹೋಗಿದ್ದರೆ ಎಲ್ಲಿಗೆ ಹೋಯಿತೆಂದು ನಮೂದಿಸುತ್ತದೆ, ದೂರು ಆ ಬ್ಯಾಂಕಿನ ಬೆನ್ನು ಹತ್ತುತ್ತದೆ. ಆದ್ದರಿಂದ ಉಲ್ಲೇಖ ಸಂಖ್ಯೆ, ಮೊತ್ತ, ಸಮಯ ಇವು ಕೈಯಲ್ಲಿರಬೇಕು, ಸಂದೇಶಗಳನ್ನು ಅಳಿಸಬಾರದು. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ತುಮಕೂರಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು. ಆದರೆ ಮೊದಲು ಕರೆ, ಸಾಧ್ಯವಾದರೆ ಮೊದಲ ಗಂಟೆಯೊಳಗೇ. ಮಗ ಯಾಕೆ ಹೀಗೆ ಮಾಡಿದನೆಂಬ ವಿಚಾರಣೆ ಆ ಕರೆ ಮುಗಿಯುವವರೆಗೆ ಕಾಯಲಿ ಎಂದು ತಂದೆ ತಾಯಂದಿರನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹೋದ ಹಣ ವಾಪಸ್ ಕೊಡಿಸುತ್ತೇವೆಂದು ಶುಲ್ಕ ಕೇಳುವವರಂತೂ ಎರಡನೆಯ ಸುತ್ತಿನ ವಂಚಕರು.

ಹಣಕ್ಕಿಂತ ಹೆಚ್ಚು ಮೌನ ಹುಟ್ಟಿಸುವುದು ಖಾಸಗಿ ಚಿತ್ರವನ್ನು ಹರಡುತ್ತೇವೆಂಬ ಬೆದರಿಕೆ. 18 ವರ್ಷ ತುಂಬುವ ಮೊದಲು ತೆಗೆದ ಅಂಥ ಚಿತ್ರಗಳಿಗಾಗಿ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಚಿತ್ರವನ್ನು ಅದು ಕೇಳಿ ಪಡೆಯುವುದಿಲ್ಲ. ಚಿತ್ರದಿಂದ ‘ಹ್ಯಾಶ್’ ಎಂಬ ಅಂಕಿ ಅಕ್ಷರಗಳ ಸರಣಿಯನ್ನು, ಬೆರಳಚ್ಚಿನ ಹಾಗೆ, ಫೋನಿನಲ್ಲಿಯೇ ಲೆಕ್ಕಹಾಕಿ ಅದನ್ನಷ್ಟೇ ಒಯ್ಯುತ್ತದೆ. ಹ್ಯಾಶ್‌ನಿಂದ ಚಿತ್ರವನ್ನು ಮರಳಿ ಬಿಡಿಸಲಾಗದು, ಆದರೆ ಸೇವೆಯೊಂದಿಗೆ ಕೈಜೋಡಿಸಿದ ಜಾಲತಾಣಗಳು ತಮ್ಮಲ್ಲಿ ಅದೇ ಚಿತ್ರವಿದೆಯೇ ಎಂದು ಹೋಲಿಸಿ ತೆಗೆದುಹಾಕಬಹುದು. ಗೂಢಲಿಪಿಯಿಂದ ರಕ್ಷಿತವಾದ ಖಾಸಗಿ ಸಂದೇಶಗಳ ಒಳಗೆ ಈ ಉಪಾಯ ನಡೆಯುವುದಿಲ್ಲ. ಮನೆಯವರಿಗೆ ಹೇಳಲಾಗದ ಮಗು 1098ಕ್ಕೆ, ಅಂದರೆ ಮಕ್ಕಳ ಸಹಾಯವಾಣಿಗೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.