ಥೀಮ್ ಚೆಂದ, ಆದರೆ ಹಾಡಿಗೆ ಜಾಗ ಎಲ್ಲಿ?

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆಯ ಐಪಾಡ್‌ಗೆ ಹೊಸ ಬ್ಯಾಟರಿ ಹಾಕಿಸಿ, ಡೊಂಬಿವಲಿ ಲೋಕಲ್‌ನಲ್ಲಿ ಯಕ್ಷಗಾನದ ಪದ ಕೇಳುತ್ತಾ ಹೋಗುವ ನಮ್ಮವರು ಈಗಲೂ ಇದ್ದಾರೆ. ಅದಕ್ಕೆ ರಾಕ್‌ಬಾಕ್ಸ್ ಎಂಬ, ಪ್ಲೇಯರ್‌ನ ಮೂಲ ತಂತ್ರಾಂಶದ ಬದಲು ಓಡುವ ಉಚಿತ ತಂತ್ರಾಂಶ ಹಾಕಿಕೊಂಡವರನ್ನು ಒಂದು ಪ್ರಶ್ನೆ ಬಿಡದೆ ಕಾಡಿದೆ. ಪರದೆಯ ಅಂದ ಬದಲಿಸುವ ಒಂದು ಥೀಮ್ ಸರಿಯಾಗಿ ಕೂರುತ್ತದೆ, ಇನ್ನೊಂದು ಹಾಕಿದರೆ ಮತ್ತೆ ಅದೇ ಸಾದಾ ಪರದೆ. ಯಾಕೆ?

2001ರಲ್ಲಿ ಆರ್ಕೋಸ್ ಕಂಪನಿಯ ಎಂಪಿ3 ಪ್ಲೇಯರ್‌ಗಾಗಿ ರಾಕ್‌ಬಾಕ್ಸ್ ಶುರುವಾದಾಗ, ಕೆಲಸದ ಹೊತ್ತಿನ ತಾತ್ಕಾಲಿಕ ನೆನಪು, ಅಂದರೆ ರ‍್ಯಾಮ್ ಇದ್ದದ್ದು 2 ಎಂಬಿ. ಪರದೆಯಲ್ಲಿ ಎರಡು ಸಾಲು ಅಕ್ಷರ, ಅಷ್ಟೇ. ಆಮೇಲೆ ಬಣ್ಣದ ಪರದೆಗಳು ಬಂದವು.

ತೊಡಕು ಅಲ್ಲಿಂದಲೇ. 2005ರ ಐಪಾಡ್ ವಿಡಿಯೋ ಪರದೆ 320×240 ಚುಕ್ಕಿ. ಒಂದು ಚುಕ್ಕಿಗೆ 2 ಬೈಟ್ ಹಿಡಿದರೆ, ಹಿನ್ನೆಲೆಯ ಒಂದೇ ಚಿತ್ರಕ್ಕೆ 150 ಕೆಬಿ ಬೇಕು. ಮೆನುವಿಗೆ ಒಂದು, ಹಾಡಿನ ಪರದೆಗೆ ಇನ್ನೊಂದು, ಮೇಲೆ ಫಾಂಟ್. ಥೀಮ್‌ಗೆ ಎಷ್ಟು ಜಾಗ ಅನ್ನುವುದನ್ನು ಆಗ ತಂತ್ರಾಂಶ ಕಟ್ಟುವಾಗಲೇ ಗೊತ್ತುಮಾಡುತ್ತಿದ್ದರು. ಮೀರಿದರೆ ಥೀಮ್ ಬರುತ್ತಿರಲಿಲ್ಲ. ಸರಳ ಥೀಮ್ ಸಾಕು ಅಂದವರಿಗೋ, ಮಿಕ್ಕ ಜಾಗ ಸುಮ್ನೆ ಖಾಲಿ ಬಿದ್ದಿರುತ್ತಿತ್ತು.

ಇಷ್ಟು ಬಿಗಿ ಹಿಡಿದದ್ದಕ್ಕೆ ಒಳ್ಳೆಯ ಕಾರಣವಿತ್ತು. ಉಳಿದ ರ‍್ಯಾಮ್ ಎಲ್ಲಾ ಹಾಡಿಗೆ ಮೀಸಲು. ಹಾರ್ಡ್ ಡಿಸ್ಕ್ ಒಮ್ಮೆ ತಿರುಗಿ ರ‍್ಯಾಮ್ ತುಂಬಿಸಿ ನಿಂತುಬಿಡುತ್ತದೆ. ಹಾಡಿನ ಜಾಗ ದೊಡ್ಡದಿದ್ದಷ್ಟೂ ಡಿಸ್ಕ್ ತಿರುಗುವುದು ಕಡಿಮೆ, ಬ್ಯಾಟರಿ ಬಾಳಿಕೆ ಜಾಸ್ತಿ. ಚೆಂದದ ಪರದೆಯ ಬೆಲೆ ತೆರುವುದು ಬ್ಯಾಟರಿಯೇ, ಅಲ್ವಾ?

2011ರಲ್ಲಿ ಬಫ್‌ಲಿಬ್ ಎಂಬ, ನೆನಪಿನ ಜಾಗ ಹಂಚುವ ವ್ಯವಸ್ಥೆ ರಾಕ್‌ಬಾಕ್ಸ್ ಒಳಗೆ ಬಂತು. ಜಾಗ ಕೇಳಿದ ತಂತ್ರಾಂಶದ ಭಾಗಕ್ಕೆ ಅದು ನೆನಪಿನ ಖಾಯಂ ವಿಳಾಸ ಕೊಡುವುದಿಲ್ಲ, ಒಂದು ಟೋಕನ್ ಕೊಡುತ್ತದೆ; ಅದನ್ನು ತೋರಿಸಿ ಈಗಿನ ವಿಳಾಸ ಕೇಳಿಕೊಳ್ಳಬೇಕು. ನಡುವೆ ತೂತು ಬಿದ್ದರೆ ತುಣುಕುಗಳನ್ನು ಸರಿಸಿ ಒತ್ತಾಗಿ ಕೂರಿಸುತ್ತದೆ. ಥೀಮ್‌ಗೆ ಹೆಚ್ಚು ಬೇಕಾದರೆ ಹಾಡಿನ ಜಾಗ ಕುಗ್ಗುತ್ತದೆ, ಆಗ ಹಾಡು ಕ್ಷಣಕಾಲ ತಡೆಯಬಹುದು. ಹಳೆಯ ವಿಳಾಸ ನೆಚ್ಚಿಕೊಂಡು ಬರೆದ ಕೋಡ್ ಮಾತ್ರ ಎಡವುತ್ತದೆ. ಅಂಥದನ್ನು ಹುಡುಕಿ ತಿದ್ದುವುದು ಬಹಳ ತಾಳ್ಮೆಯ ಕೆಲಸ.

ಈಗ ಡಿಸ್ಕ್ ತೆಗೆದು ಎಸ್‌ಡಿ ಕಾರ್ಡ್ ಹಾಕಿಸಿಕೊಂಡವರಿಗೆ ಈ ಚಿಂತೆ ಅಷ್ಟಿಲ್ಲ. ಆದರೂ ಥೀಮ್ ಎಷ್ಟು ರ‍್ಯಾಮ್ ತಿನ್ನುತ್ತದೆ ಎಂಬುದು ಅದರ ಹೆಸರಿನ ಪಕ್ಕದಲ್ಲೇ ಕಾಣಬೇಕು. ಬಳಸುವವರು ಊಹಿಸುತ್ತಾ ಕೂರುವ ಹಾಗಾಗಬಾರದು. ಜಾಗದ ಲೆಕ್ಕ ಸರಿಹೋದರೂ ನಮ್ಮ ಪಾಲಿನ ಒಂದು ಕೆಲಸ ಬಾಕಿಯೇ ಇದೆ. ಹಾಡಿನ ಹೆಸರು ಕನ್ನಡದಲ್ಲಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಬಿಡಿಬಿಡಿಯಾಗಿಯೇ ಕಾಣುತ್ತದೆ.