ಟೊಮೇಟೊ ಪಾಸ್ತಾಗೆ ಹಾಲು ಹಾಕಿದ ತಕ್ಷಣ ಒಡೆದುಹೋಗತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಮನೇಲಿ ಟೊಮೇಟೊ ಪಾಸ್ತಾ ಮಾಡುವಾಗ ಕ್ರೀಮಿಯಾಗಿ ಬರ್ಲಿ ಅಂತ ಹಾಲು ಹಾಕ್ತೀನಿ, ಪ್ರತಿ ಸಲ ಒಡೆದು ಪುಡಿಪುಡಿ ಆಗತ್ತೆ. ಸಕ್ಕರೆ ಹಾಕಿ ನೋಡಿದೆ, ಆದ್ರೂ ಅದೇ ಕಥೆ. ಎಲ್ಲಿ ತಪ್ತಿದೆ?

ಉತ್ತರ: ನೀವು ಮಾಡ್ತಿರೋದು ಹೆಚ್ಚುಕಮ್ಮಿ ಪನೀರ್ ಮಾಡೋ ವಿಧಾನಾನೇ. ಪನೀರ್‌ಗೆ ಬಿಸಿ ಹಾಲಿಗೆ ನಿಂಬೆಹಣ್ಣು ಹಿಂಡ್ತೀವಲ್ಲ, ಇಲ್ಲಿ ನಿಂಬೆಹಣ್ಣಿನ ಕೆಲಸ ಟೊಮೇಟೊ ಮಾಡ್ತಿದೆ. ಹುಳಿ ಅಳೆಯೋ ಲೆಕ್ಕಕ್ಕೆ ಪಿಎಚ್ ಅಂತಾರೆ, ಅದು ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ. ಹಾಲಿನ ಪಿಎಚ್ ಸುಮಾರು 6.7, ಅದು 4.6ರ ಹತ್ತಿರ ಇಳಿದ್ರೆ ಹಾಲಲ್ಲಿರೋ ಕೇಸೀನ್ ಅನ್ನೋ ಪ್ರೋಟೀನ್ ಗಂಟು ಕಟ್ಟತ್ತೆ, ಟೊಮೇಟೊ ಇರೋದೇ 4.3, 4.5ರ ಆಸುಪಾಸಲ್ಲಿ, ಮೇಲೆ ಸಾಸ್ ಕುದೀತಾ ಇದ್ರೆ ಅಷ್ಟು ಕೆಳಗೆ ಇಳಿಯೋ ತನಕ ಕಾಯೋದೂ ಇಲ್ಲ, ಮೊದಲೇ ಒಡಿಯತ್ತೆ. ಸಕ್ಕರೆ ಹಾಕಿದ್ರೆ ನಾಲಿಗೆಗೆ ಹುಳಿ ಕಮ್ಮಿ ಅನ್ಸತ್ತೆ ಅಷ್ಟೇ, ಆಸಿಡ್ ಅಲ್ಲೇ ಇರತ್ತೆ.

ಹಂಗಾದ್ರೆ ತಡೆಯೋದು ಹೇಗೆ? ಇದಕ್ಕೆ ಉತ್ತರ ನಮ್ಮ ಮಜ್ಜಿಗೆ ಹುಳಿಲೇ ಇದೆ. ಮೊಸರು ಕಾಯಿಸಿದ್ರೆ ಒಡಿಯತ್ತೆ ಅಂತ ಅಮ್ಮಂದಿರು ನೆನೆಸಿದ ಕಡ್ಲೆಬೇಳೆನೋ ಅಕ್ಕಿನೋ ತೆಂಗಿನಕಾಯಿ ಜೊತೆ ರುಬ್ಬಿ ಹಾಕ್ತಾರಲ್ಲ, ಆ ಹಿಟ್ಟಿನ ಅಂಶ ಪ್ರೋಟೀನ್ ಕಣಗಳ ಮಧ್ಯೆ ನಿಂತು ಒಂದಕ್ಕೊಂದು ಅಂಟ್ಕೊಳ್ಳೋಕೆ ಬಿಡಲ್ಲ. ಪಾಸ್ತಾದಲ್ಲಿ ಅದೇ ಕೆಲಸ ಮಾಡೋದು ಪಾಸ್ತಾ ಬೇಯಿಸಿದ ನೀರು, ಅನ್ನದ ಗಂಜಿ ಥರ ಮಬ್ಬಾಗಿರತ್ತಲ್ಲ ಅದು, ದಯವಿಟ್ಟು ಸಿಂಕಿಗೆ ಚೆಲ್ಲಬೇಡಿ!

ಎರಡನೇದು, ಹಾಲಿನ ಬದಲು ಕ್ರೀಮ್ ಹಾಕಿ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಲ್ಲಿ ಕೊಬ್ಬು 3% ಅಷ್ಟೇ, ಅಂಗಡೀಲಿ ಸಿಗೋ ಫ್ರೆಶ್ ಕ್ರೀಮ್‌ನಲ್ಲಿ ಸುಮಾರು 25%. ಕೊಬ್ಬು ಜಾಸ್ತಿ ಇದ್ದಷ್ಟೂ ಗಂಟು ಕಟ್ಟೋ ಪ್ರೋಟೀನ್‌ನ ಪಾಲು ಕಮ್ಮಿ. ಮನೇಲಿ ಹಾಲಿನ ಕೆನೆ ತೆಗೆದಿಟ್ಟಿದ್ರೆ ಅದನ್ನೇ ಚಮಚದಲ್ಲಿ ಚೆನ್ನಾಗಿ ಕಡೆದು ಹಾಕ್ಬಹುದು, ರುಚಿಗೆ ನಂಗೆ ಅದೇ ಇಷ್ಟ. ಎರಡೂ ಇಲ್ಲಾಂದ್ರೆ ಒಂದು ಕಪ್ ಹಾಲಿಗೆ ಎರಡು ಟೀ ಚಮಚ ಕಾರ್ನ್‌ಫ್ಲೋರ್ ಕಲಸಿ, ಬೇರೆ ಪಾತ್ರೇಲಿ ಗಟ್ಟಿಯಾಗೋ ತನಕ ಕುದಿಸಿ ಆಮೇಲೆ ಸಾಸಿಗೆ ಸೇರಿಸಿ. ಹಾಲೇ ಬೇಡ ಅನ್ನೋರು ಹತ್ತು ಗೋಡಂಬಿ ನೆನೆಸಿ ನುಣ್ಣಗೆ ರುಬ್ಬಿ ಹಾಕಿ, ಅಲ್ಲಿ ಕೇಸೀನೇ ಇಲ್ಲ.

ಈಗ ಮಾಡೋ ರೀತಿ, ಇಬ್ಬರಿಗೆ, ಅರ್ಧ ಗಂಟೆ ಸಾಕು. 2 ಲೀಟರ್ ನೀರು ಕುದಿಯೋಕೆ ಇಟ್ಟು ಮೂರು ಟೀ ಚಮಚ ಉಪ್ಪು ಹಾಕಿ, 180 ಗ್ರಾಂ ಪೆನ್ನೆ (ಕೊಳವೆ ಆಕಾರದ ಪಾಸ್ತಾ) ಹಾಕಿ, ಪ್ಯಾಕೆಟ್ ಮೇಲೆ ಹೇಳಿರೋದಕ್ಕಿಂತ ಒಂದು ನಿಮಿಷ ಮೊದಲೇ ಇಳಿಸಿ. ಆ ಕಡೆ ಎರಡು ದೊಡ್ಡ ಚಮಚ ಎಣ್ಣೇಲಿ ಜಜ್ಜಿದ ಐದು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಬಾಡಿಸಿ, ಅರ್ಧ ಟೀ ಚಮಚ ಬ್ಯಾಡಗಿ ಮೆಣಸಿನಪುಡಿ ಹಾಕಿ, ಬಣ್ಣ ಬರತ್ತೆ ಖಾರ ಜಾಸ್ತಿ ಇರಲ್ಲ, ಆಮೇಲೆ ನಾಲ್ಕು ಟೊಮೇಟೊ ರುಬ್ಬಿ ಸುರೀರಿ. ನಾಟಿ ಟೊಮೇಟೊ ಸಾರಿಗೆ ಬಿಡಿ, ಅದರ ಹುಳಿ ಇಲ್ಲಿ ತೊಂದ್ರೆ ಕೊಡತ್ತೆ, ಚೆನ್ನಾಗಿ ಕೆಂಪಾಗಿ ಹಣ್ಣಾಗಿರೋ ಹೈಬ್ರಿಡ್ ತಗೊಳ್ಳಿ.

ಇಲ್ಲಿ ಮಾತ್ರ ಅವಸರ ಮಾಡ್ಬೇಡಿ. ಮೊದಲು ಸಾಸ್ ತಿಳಿ ಕೆಂಪಲ್ಲಿ ಪಚಪಚ ಅಂತ ಸಿಡಿಯತ್ತೆ, ಹತ್ತು ಹನ್ನೆರಡು ನಿಮಿಷ ಆದ್ಮೇಲೆ ಬಣ್ಣ ಗಾಢ ಆಗಿ ಬಾಣಲೆ ಅಂಚಲ್ಲಿ ಎಣ್ಣೆ ಬಿಡೋಕೆ ಶುರುವಾಗತ್ತೆ, ಸೌಟಲ್ಲಿ ಒಂದು ಗೆರೆ ಎಳೆದ್ರೆ ತಕ್ಷಣ ಮುಚ್ಕೊಳ್ಳಲ್ಲ, ಹಸಿ ವಾಸನೆನೂ ಹೋಗಿರತ್ತೆ. ಇನ್ನೂ ತುಂಬಾ ಹುಳಿ ಇದೆ ಅನ್ಸಿದ್ರೆ ಒಂದೇ ಚಿಟಿಕೆ ಅಡುಗೆ ಸೋಡಾ ಹಾಕಿ, ನೊರೆ ಬಂದು ಇಳಿಯತ್ತೆ, ಅದು ನಿಜವಾಗ್ಲೂ ಆಸಿಡ್ ಕಮ್ಮಿ ಮಾಡತ್ತೆ, ಆದ್ರೆ ಜಾಸ್ತಿ ಆದ್ರೆ ಸೋಪಿನ ರುಚಿ ಬರತ್ತೆ ಹುಷಾರು.

ಆಮೇಲೆ ಅರ್ಧ ಕಪ್ ಪಾಸ್ತಾ ನೀರು ಹಾಕಿ ಕಲಸಿ, ಉರಿ ಆರಿಸಿ, ಒಂದು ನಿಮಿಷ ಬಿಡಿ. ಫ್ರಿಜ್ಜಿಂದ ಮೊದಲೇ ತೆಗೆದಿಟ್ಟ ಅರ್ಧ ಕಪ್ ಕ್ರೀಮಿಗೆ ಎರಡು ಚಮಚ ಬಿಸಿ ಸಾಸ್ ಬೆರೆಸಿ, ಅದನ್ನ ನಿಧಾನಕ್ಕೆ ಬಾಣಲೆಗೆ ಸುರೀತಾ ತಿರುಗಿಸಿ, ಕೆಂಪು ಹೋಗಿ ಕಿತ್ತಳೆ ಬಣ್ಣ ಬರತ್ತೆ. ನಾನೂ ಮೊದಮೊದಲು ಫ್ರಿಜ್ಜಿಂದ ತೆಗೆದ ತಣ್ಣನೆ ಹಾಲನ್ನ ಕುದಿಯೋ ಸಾಸಿಗೆ ನೇರ ಸುರೀತಿದ್ದೆ, ಪ್ರತಿ ಸಲ ಒಡೀತಿತ್ತು, ಉರಿ ಆರಿಸಿ ಕ್ರೀಮ್ ಹಾಕೋಕೆ ಶುರು ಮಾಡಿದ ಮೇಲೆ ಒಂದ್ಸಲನೂ ಕೆಟ್ಟಿಲ್ಲ. ಪಾಸ್ತಾ ಹಾಕಿ ಎರಡು ನಿಮಿಷ ಸಣ್ಣ ಉರೀಲಿ ಹೊರಳಿಸಿ, ಕುದಿ ಬರಬಾರ್ದು.

ಇವತ್ತೇ ಒಡೆದಿದ್ರೆ ಅದನ್ನ ಎಸೀಬೇಡಿ, ಹಾಲು ಕೆಟ್ಟಿಲ್ಲ, ಗಂಟು ಕಟ್ಟಿದೆ ಅಷ್ಟೇ. ಪಾಸ್ತಾ ಹಾಕೋಕೆ ಮುಂಚೆ ಸ್ವಲ್ಪ ಆರಿಸಿ, ಒಂದೆರಡು ಸೌಟು ಪಾಸ್ತಾ ನೀರು ಸೇರಿಸಿ ಮಿಕ್ಸೀಲಿ ತಿರುಗಿಸಿ, ಬಹುಪಾಲು ನುಣ್ಣಗಾಗತ್ತೆ. ಇನ್ನೊಂದು ಲೋಟ ಆ ನೀರನ್ನ ಊಟದ ತನಕ ಪಕ್ಕದಲ್ಲೇ ಇಟ್ಕೊಳ್ಳಿ, ಪಾಸ್ತಾ ಹತ್ತೇ ನಿಮಿಷಕ್ಕೆ ಸಾಸ್ ಕುಡಿದು ಗಟ್ಟಿಯಾಗತ್ತೆ, ಬಡಿಸೋ ಮುಂಚೆ ಒಂದು ಸೌಟು ಹಾಕಿ ಕಲಸಿದ್ರೆ ಮತ್ತೆ ಸಡಿಲ ಆಗತ್ತೆ.