ನಿರ್ಧಾರ ವಿಶ್ಲೇಷಣೆ ಅಂದರೆ ಏನು?

ಮುಂದೆ ಏನಾಗುತ್ತದೋ ಗೊತ್ತಿಲ್ಲ, ಆದರೆ ಒಂದು ದಾರಿ ಇವತ್ತೇ ಹಿಡಿಯಬೇಕು. ಅಂಥ ಹೊತ್ತಿನಲ್ಲಿ ಲೆಕ್ಕ ಹಾಕಿ ಆರಿಸಿಕೊಳ್ಳುವ ಕ್ರಮವೇ ನಿರ್ಧಾರ ವಿಶ್ಲೇಷಣೆ. 1960ರ ದಶಕದಲ್ಲಿ ಈ ಹೆಸರನ್ನು ಬಳಕೆಗೆ ತಂದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಹೋವರ್ಡ್. ತೈಲ ಮತ್ತು ಔಷಧ ಕಂಪನಿಗಳಲ್ಲಿ ಇದರ ಬಳಕೆ ಜಾಸ್ತಿ.

ನಮ್ಮ ಕೈಯಲ್ಲಿರುವ ಆಯ್ಕೆಗಳೇನು, ಕೈಮೀರಿದ ಸಂಗತಿಗಳೇನು, ಯಾವ ಫಲಿತಾಂಶ ನಮಗೆ ಎಷ್ಟು ಬೇಕು? ತಲೆಯೊಳಗೆ ಈ ಮೂರೂ ಕಲಸಿಹೋಗಿರುತ್ತವೆ. ಅವನ್ನು ಬೇರೆ ಬೇರೆ ಬರೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಸಮಾರಂಭ ಇದೆ ಎನ್ನಿ. ಬಯಲಿನಲ್ಲಿ ನಡೆಸಿ, ಮಳೆ ಬಾರದಿದ್ದರೆ 100 ಅಂಕದಷ್ಟು ಖುಷಿ. ಮಳೆ ಬಂದರೆ ಸೊನ್ನೆ. ಸಭಾಂಗಣದಲ್ಲಾದರೆ ಏನೇ ಆದರೂ 50. ಮಳೆಯ ಸಾಧ್ಯತೆ ಶೇ. 40. ಇದನ್ನು ಕವಲುಗಳಾಗಿ ಬಿಡಿಸಿದರೆ ನಿರ್ಧಾರ ವೃಕ್ಷವಾಗುತ್ತದೆ. ನಾವು ಆರಿಸುವ ಜಾಗಕ್ಕೆ ಚೌಕ, ಅದೃಷ್ಟಕ್ಕೆ ಬಿಟ್ಟ ಜಾಗಕ್ಕೆ ವೃತ್ತ. ಪ್ರತಿ ಫಲಿತಾಂಶದ ಅಂಕವನ್ನು ಅದರ ಸಾಧ್ಯತೆಯಿಂದ ಗುಣಿಸಿ ಕೂಡಿಸಿದರೆ ಬರುವುದೇ ನಿರೀಕ್ಷಿತ ಮೌಲ್ಯ. ಮಳೆ ಬಾರದಿರುವ ಸಾಧ್ಯತೆ ಶೇ. 60, ಹಾಗಾಗಿ ಬಯಲಿಗೆ ಸಿಗುವುದು 100ರ ಶೇ. 60, ಅಂದರೆ 60. ಸಭಾಂಗಣಕ್ಕಿಂತ 10 ಹೆಚ್ಚು. ಮಳೆಯ ಸಾಧ್ಯತೆ ಶೇ. 50 ದಾಟಿದರೆ ಮಾತ್ರ ಸಭಾಂಗಣ ಮೇಲು. ಹಾಗಾಗಿ ಅದು ಶೇ. 30ಓ 40ಓ ಎಂದು ಜಗಳವಾಡುವುದು ಸುಮ್ನೆ ಕಾಲಹರಣ.

ನನಗೆ ತುಂಬ ಹಿಡಿಸಿದ್ದು ಮುಂದಿನ ಲೆಕ್ಕ. ಮಳೆ ಬರುತ್ತದೋ ಇಲ್ಲವೋ ಎಂದು ಒಬ್ಬರು ಮೊದಲೇ ಖಚಿತವಾಗಿ ಹೇಳಿಬಿಟ್ಟರೆ? ಬರುವುದಿಲ್ಲ ಎಂದರೆ ಬಯಲು, ಬರುತ್ತದೆ ಎಂದರೆ ಸಭಾಂಗಣ. ಆಗ ನಿರೀಕ್ಷಿತ ಮೌಲ್ಯ 60 (100ರ ಶೇ. 60) ಕೂಡಿಸು 20 (50ರ ಶೇ. 40), ಒಟ್ಟು 80. ಹಾಗಾದರೆ ಆ ಮಾಹಿತಿಯ ಬೆಲೆ 20 ಅಂಕ. ತಪ್ಪಬಹುದಾದ ಮುನ್ಸೂಚನೆಗೆ ಇನ್ನೂ ಕಡಿಮೆ. ಏನೇ ಹೇಳಿದರೂ ನಮ್ಮ ಆಯ್ಕೆಯನ್ನು ಬದಲಿಸದ ವರದಿಗಂತೂ ಬೆಲೆಯೇ ಇಲ್ಲ. "ಇನ್ನೊಂದು ವರದಿ ಬರಲಿ, ಆಮೇಲೆ ನೋಡೋಣ" ಎನ್ನುವವರ ಮುಂದೆ ಇಡಬೇಕಾದ ಲೆಕ್ಕ ಇದು, ಅಲ್ವಾ?

60ಕ್ಕಿಂತ ಖಚಿತವಾದ 50ನ್ನೇ ಇಷ್ಟಪಡುವವರೂ ಇದ್ದಾರೆ. ಅದು ತಪ್ಪಲ್ಲ. ಒಂದೇ ಮೊತ್ತ ಎಲ್ಲರಿಗೂ ಒಂದೇ ಬೆಲೆಯದಲ್ಲ ಎಂದು ಗಣಿತಜ್ಞ ಡೇನಿಯಲ್ ಬರ್ನೂಲಿ 1738ರಲ್ಲೇ ತೋರಿಸಿದ್ದರು. ಅಂಥವರು ಅಂಕಗಳನ್ನು ತಮ್ಮ ಮನಸ್ಸಿಗೆ ತಕ್ಕಂತೆ ಹಾಕಿಕೊಂಡರೆ ಆಯಿತು.

ಬಯಲನ್ನೇ ಆರಿಸಿದೆವು, ಮಳೆ ಸುರಿಯಿತು ಎನ್ನಿ. ಫಲಿತಾಂಶ ಕೆಟ್ಟದಾಯಿತು, ನಿರ್ಧಾರ ಕೆಟ್ಟದಲ್ಲ. ಆದರೆ ಆ ಶೇ. 40ನ್ನು ಬಾಯಿಗೆ ಬಂದಂತೆ ಹೇಳಿದ್ದರೆ ಈ ನೆಪ ನಡೆಯುವುದಿಲ್ಲ.